ಪರಿಹಾರ ಬಂತು, ಯಾರ ಕೈಯಿಂದ ಬಂತು?

ಬಿ.ಎ. ಓದುವ ನಮ್ಮ ಹಾಸ್ಟೆಲ್ ಹುಡುಗರ ಟ್ರಂಕಿನಲ್ಲಿ ಇತಿಹಾಸದ ಒಂದು ಗೈಡ್ ಇದ್ದೇ ಇರುತ್ತದೆ. ಅದರಲ್ಲಿ ಹತ್ತು ಅಂಕದ ಒಂದು ಪ್ರಶ್ನೆ: ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ತಂದ ‘ನ್ಯೂ ಡೀಲ್’ ಕಾರ್ಯಕ್ರಮವನ್ನು ವಿವರಿಸಿ. ಉತ್ತರ ಎಲ್ಲರಿಗೂ ಬಾಯಿಪಾಠ. 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಬಿತ್ತು. ಬ್ಯಾಂಕುಗಳು ಮುಳುಗಿದವು. 1933ರ ಹೊತ್ತಿಗೆ ದುಡಿಯುವ ನಾಲ್ಕು ಜನರಲ್ಲಿ ಒಬ್ಬನಿಗೆ ಕೆಲಸ ಇರಲಿಲ್ಲ. ರೂಸ್‌ವೆಲ್ಟ್ ಬಂದ, ಪರಿಹಾರ, ಚೇತರಿಕೆ, ಸುಧಾರಣೆ ಎಂಬ ಮೂರು ಮಾತು ಹೇಳಿದ, ರಸ್ತೆ, ಅಣೆಕಟ್ಟು, ಶಾಲೆ ಕಟ್ಟಿಸಿ ಕೆಲಸ ಕೊಟ್ಟ. ಇಷ್ಟು ಬರೆದರೆ ಏಳೆಂಟು ಅಂಕ ಎಲ್ಲಿಗೂ ಹೋಗುವುದಿಲ್ಲ.

ಆ ಹುಡುಗ ಪರೀಕ್ಷೆ ಬರೆಯುವ ಬೇಸಿಗೆಯಲ್ಲೇ ಅವನ ಅವ್ವ ಊರಿನ ನಾಲಾದ ಹೂಳು ತೆಗೆದು ಬುಟ್ಟಿ ಹೊತ್ತಿರುತ್ತಾಳೆ. ಅದಕ್ಕೆ ಅವಳು ‘ಖಾತ್ರಿ ಕೆಲಸ’ ಅನ್ನುತ್ತಾಳೆ. ಕೆಟ್ಟ ಕಾಲದಲ್ಲಿ ಸರ್ಕಾರ ಬಡವರಿಗೆ ಕೆಲಸ ಕೊಡುವುದು ಅಂದರೆ ಅಲ್ಲಿ ನ್ಯೂ ಡೀಲ್, ಇಲ್ಲಿ ಖಾತ್ರಿ, ಜಾತಿ ಒಂದೇ. ಆದರೆ ಗೈಡಿನ ಪಾಠವನ್ನೂ ಅವ್ವನ ಬುಟ್ಟಿಯನ್ನೂ ಕೂಡಿಸಿ ನೋಡಿದವರು ನಮ್ಮಲ್ಲಿ ಎಷ್ಟು ಜನ? ಈ ಸಲ ಕೂಡಿಸಿ ನೋಡೋಣ. ಗೈಡಿನಲ್ಲಿ ಬರೆಯದ ಮಾತು ಅಲ್ಲಿದೆ.

ಮೊದಲು ಅಮೆರಿಕದ ಹತ್ತಿ ಹೊಲಕ್ಕೆ ಹೋಗೋಣ. ಅಲ್ಲಿಯ ದಕ್ಷಿಣ ರಾಜ್ಯಗಳಲ್ಲಿ ಜಮೀನು ಬಿಳಿಯ ಜಮೀನ್ದಾರನದು. ಪಾಲಿಗೆ ಮಾಡುವವರು ಬಹಳ ಮಂದಿ ಕಪ್ಪು ಜನ, ಅವರ ಜೊತೆಗೆ ಬಡ ಬಿಳಿಯರು. ಬೀಜ ಅವನದು, ಸಾಲ ಅವನದು, ಲೆಕ್ಕದ ಪುಸ್ತಕವೂ ಅವನದೇ. ಹತ್ತಿಯ ಬೆಲೆ ಏರಿಸಬೇಕೆಂದು ಸರ್ಕಾರ 1933ರಲ್ಲಿ ಒಂದು ಕಾಯಿದೆ ಮಾಡಿತು: ಬೆಳೆ ಕಡಿಮೆ ಮಾಡಿದವರಿಗೆ ದುಡ್ಡು. ಆ ವರ್ಷ ಸುಮಾರು ಒಂದು ಕೋಟಿ ಎಕರೆ ಹತ್ತಿಯನ್ನು, ಬೆಳೆದು ನಿಂತಿದ್ದನ್ನೇ, ಉತ್ತು ಮಣ್ಣಿಗೆ ಸೇರಿಸಿದರು. ದುಡ್ಡು ಬಂತು. ಯಾರ ಕೈಗೆ ಬಂತು? ಜಮೀನ್ದಾರನ ಕೈಗೆ. ಅವನು ಪಾಲುದಾರನಿಗೆ ಹಂಚಬೇಕು ಎಂದು ಕಾಗದದಲ್ಲಿ ಬರೆದಿತ್ತು. ಅವನು ಹಳೇ ಸಾಲಕ್ಕೆ ಮುರಿದುಕೊಂಡ. ಬೆಳೆ ಕಮ್ಮಿಯಾದ ಮೇಲೆ ಆಳುಗಳೇಕೆ ಅಂತ ಎಷ್ಟೋ ಕುಟುಂಬಗಳನ್ನು ಗುಡಿಸಲಿನಿಂದಲೇ ಹೊರಗೆ ಹಾಕಿದ. ಬಡವರ ಹೆಸರಿನ ಪರಿಹಾರ ಬಡವರನ್ನೇ ಬೀದಿಗೆ ತಂದಿತು. ಪಾಲುದಾರರ ಪರವಾಗಿ ಮಾತಾಡಿದ ಕೆಲವು ಅಧಿಕಾರಿಗಳನ್ನು 1935ರಲ್ಲಿ ಆ ಇಲಾಖೆಯಿಂದಲೇ ತೆಗೆದುಹಾಕಿದರು.

ಮುಂದೆ ನೋಡಿ. 1935ರಲ್ಲಿ ಸಾಮಾಜಿಕ ಭದ್ರತೆಯ ಕಾಯಿದೆ ಬಂತು: ಮುದುಕರಾದ ಮೇಲೆ ಪಿಂಚಣಿ, ಕೆಲಸ ಹೋದರೆ ಭತ್ಯೆ. ಆ ಕಾಯಿದೆಯಲ್ಲಿ ‘ಕಪ್ಪು ಜನರಿಗೆ ಇಲ್ಲ’ ಅಂತ ಎಲ್ಲಿಯೂ ಬರೆದಿಲ್ಲ. ಬರೆದದ್ದು ಇಷ್ಟೇ: ಹೊಲದ ಕೂಲಿಯವರಿಗೆ, ಮನೆಗೆಲಸದವರಿಗೆ ಇದು ಅನ್ವಯಿಸುವುದಿಲ್ಲ. ಆ ಕಾಲದಲ್ಲಿ ಕಪ್ಪು ದುಡಿಮೆಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಾಡುತ್ತಿದ್ದದ್ದು ಈ ಎರಡೇ ಕೆಲಸ. 1938ರಲ್ಲಿ ಕನಿಷ್ಠ ಕೂಲಿಯ ಕಾಯಿದೆ ಬಂತು, ಗಂಟೆಗೆ 25 ಸೆಂಟು. ಅದರಲ್ಲಿಯೂ ಹೊಲದ ಕೂಲಿಯವರನ್ನು ಬಿಟ್ಟರು. ದಕ್ಷಿಣದ ಜಮೀನ್ದಾರರ ಪ್ರತಿನಿಧಿಗಳ ಮತ ಇಲ್ಲದೆ ಅಲ್ಲಿಯ ಸಂಸತ್ತಿನಲ್ಲಿ ಕಾಯಿದೆ ಪಾಸಾಗುವಂತಿರಲಿಲ್ಲ. ಜಾತಿಯ ಹೆಸರು ಹೇಳದೆ ಜಾತಿ ಮಾಡುವುದು ಹೇಗೆ ಅಂತ ಕಲಿಯಬೇಕಾದವರು ಆ ಕಾಯಿದೆಗಳನ್ನು ಓದಬೇಕು.

ಇನ್ನೊಂದು ಸಂಗತಿಯನ್ನು ಗಟ್ಟಿಯಾಗಿ ನೆನಪಿಡಿ, ಕೊನೆಗೆ ಬೇಕಾಗುತ್ತದೆ. ಸರ್ಕಾರಿ ಕಾಮಗಾರಿಗೆ ಹೋದ ಕೂಲಿಯವರಿಗೆ ಹೊಲದ ಕೂಲಿಗಿಂತ ಹೆಚ್ಚು ಸಿಗುತ್ತಿತ್ತು. ಜಮೀನ್ದಾರರಿಗೆ ಇದು ಆಗಿಬರಲಿಲ್ಲ. “ನಮ್ಮ ಆಳುಗಳು ಕೆಡುತ್ತಿದ್ದಾರೆ” ಎಂದು ಗುಲ್ಲೆಬ್ಬಿಸಿದರು. ಹತ್ತಿ ಬಿಡಿಸುವ ಕಾಲ ಬಂದಾಗ ದಕ್ಷಿಣದಲ್ಲಿ ಕಾಮಗಾರಿಯ ಪಟ್ಟಿಯಿಂದ ಹೆಸರು ತೆಗೆದು, ಜನರನ್ನು ಹತ್ತಿ ಹೊಲಕ್ಕೆ ಅಟ್ಟಿದರು. ಪರಿಹಾರದ ಬಾಗಿಲು ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಎಂಬುದು ಹಸಿದವನ ಹೊಟ್ಟೆ ನೋಡಿ ಅಲ್ಲ, ಯಜಮಾನನ ಸುಗ್ಗಿ ನೋಡಿ ತೀರ್ಮಾನವಾಯಿತು.

ಹಾಗಾದರೆ ನ್ಯೂ ಡೀಲ್ ಪೂರ್ತಿ ಮೋಸವೇ? ಅಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಲಕ್ಷಗಟ್ಟಲೆ ಕಪ್ಪು ಜನರಿಗೆ ಆ ಕಾಮಗಾರಿಗಳಿಂದ ಒಲೆ ಉರಿಯಿತು. ಗಿಡ ನೆಡುವ, ಕಾಡು ಕಾಯುವ ಯುವಕರ ಶಿಬಿರಗಳಲ್ಲಿ ತಿಂಗಳಿಗೆ 30 ಡಾಲರು. ಅದರಲ್ಲಿ 25 ಡಾಲರನ್ನು ಮನೆಗೆ ಕಳಿಸಬೇಕು. ಶಿಬಿರ ಮಾತ್ರ ಬೇರೆ ಬೇರೆ, ಬಿಳಿಯರಿಗೆ ಒಂದು, ಕಪ್ಪು ಹುಡುಗರಿಗೆ ಒಂದು. ಊರಾಚೆಯ ಕೇರಿ ನೋಡಿದ ನಮಗೆ ಇದನ್ನು ವಿವರಿಸಬೇಕಿಲ್ಲ. 1935ರಲ್ಲಿ ಓದುವ ಬಡ ಹುಡುಗ ಹುಡುಗಿಯರಿಗೆ ದುಡ್ಡು ಕೊಡುವ ಯುವಜನ ಯೋಜನೆ ಬಂತು. ಅದರಲ್ಲಿ ಕಪ್ಪು ಯುವಜನರ ವಿಭಾಗ ನೋಡಿಕೊಂಡವರು ಮೇರಿ ಮೆಕ್‌ಲಿಯೋಡ್ ಬೆಥೂನ್. ಆಕೆಯ ಅಪ್ಪ ಅವ್ವ ಗುಲಾಮರಾಗಿದ್ದವರು. ಆಕೆ ಆ ಕುರ್ಚಿಯಲ್ಲಿ ಕೂತದ್ದರಿಂದ ನಮ್ಮಂಥ ಸಾವಿರಾರು ಮಕ್ಕಳ ಓದು ಅರ್ಧಕ್ಕೆ ನಿಲ್ಲಲಿಲ್ಲ. ಕೈ ಬದಲಾಯಿತು, ಫಲ ಬದಲಾಯಿತು.

ಸಂಘಟನೆಯೂ ಹುಟ್ಟಿತು. 1934ರಲ್ಲಿ ಅರ್ಕನ್ಸಾ ರಾಜ್ಯದ ಟೈರೊಂಜಾ ಎಂಬ ಸಣ್ಣ ಊರಿನಲ್ಲಿ ಕಪ್ಪು ಪಾಲುದಾರರೂ ಬಿಳಿಯ ಪಾಲುದಾರರೂ ಒಂದೇ ಕಡೆ ಕೂತು ಸಂಘ ಕಟ್ಟಿದರು. ಹೊಡೆತ ತಿಂದರು, ಜೈಲಿಗೆ ಹೋದರು; ಪರಿಹಾರದ ದುಡ್ಡು ನೇರವಾಗಿ ನಮ್ಮ ಕೈಗೆ ಬರಲಿ ಅಂದರು. 1941ರಲ್ಲಿ ರೈಲು ಡಬ್ಬಿಗಳ ಆಳುಗಳ ನಾಯಕ ಎ. ಫಿಲಿಪ್ ರಾಂಡಾಲ್ಫ್ ರಾಜಧಾನಿಗೆ ಮೆರವಣಿಗೆ ತರುತ್ತೇವೆಂದಾಗ, ಮೆರವಣಿಗೆ ಹೊರಡುವ ಮೊದಲೇ, ಯುದ್ಧ ಸಾಮಗ್ರಿಯ ಕಾರ್ಖಾನೆಗಳಲ್ಲಿ ಬಣ್ಣಭೇದ ಮಾಡಬಾರದೆಂದು ರೂಸ್‌ವೆಲ್ಟ್ ಆಜ್ಞೆ ಹೊರಡಿಸಬೇಕಾಯಿತು. ಗೈಡಿನಲ್ಲಿ ರೂಸ್‌ವೆಲ್ಟನ ಹೆಸರಿದೆ. ಟೈರೊಂಜಾ ಇಲ್ಲ, ರಾಂಡಾಲ್ಫ್ ಇಲ್ಲ.

ಅದೇ ವರ್ಷಗಳಲ್ಲಿ ನಮ್ಮ ಕಡೆ ಏನಾಗುತ್ತಿತ್ತು? ಬೀದರ ಆಗ ನಿಜಾಮನ ರಾಜ್ಯದಲ್ಲಿತ್ತು. ದೇಶಮುಖ, ಪಟೇಲ, ಪಟವಾರಿ ಹೇಳಿದ್ದೇ ಕಾಯಿದೆ. ಪಕ್ಕದ ಮುಂಬಯಿ ಪ್ರಾಂತದಲ್ಲಿ ಬಾಬಾಸಾಹೇಬರು 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. 1937ರಲ್ಲಿ ಕೊಂಕಣದ ‘ಖೋತಿ’ ಪದ್ಧತಿ ತೆಗೆಯಬೇಕೆಂದು ವಿಧಾನಸಭೆಯಲ್ಲಿ ಮಸೂದೆ ಮಂಡಿಸಿದರು. ಖೋತ ಅಂದರೆ ಯಾರು? ರೈತನಿಗೂ ಸರ್ಕಾರಕ್ಕೂ ನಡುವೆ ನಿಂತು ಕಂದಾಯ ಎತ್ತುವ ನಡು ಯಜಮಾನ. ಬಾಬಾಸಾಹೇಬರು ನೋಡಿದ್ದು ಆ ನಡುವಿನ ಕೈಯನ್ನು. ಕಂದಾಯ ಮೇಲೆ ಹೋಗುವಾಗಲೂ ಅದೇ ಕೈ, ಪರಿಹಾರ ಕೆಳಗೆ ಬರುವಾಗಲೂ ಅದೇ ಕೈ. 1938ರ ಜನವರಿಯಲ್ಲಿ ಸಾವಿರಾರು ರೈತರು ಈ ಬೇಡಿಕೆ ಹೊತ್ತು ಮುಂಬಯಿಯಲ್ಲಿ ಮೆರವಣಿಗೆ ಹೋದರು. ಮುಂದೆ 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ದಾಮೋದರ ಕಣಿವೆಯ ಯೋಜನೆಗೆ ರೂಪ ಕೊಟ್ಟವರಲ್ಲಿ ಅವರೂ ಒಬ್ಬರು. ಅದಕ್ಕೆ ಮಾದರಿ ನ್ಯೂ ಡೀಲ್‌ನ ಟೆನೆಸ್ಸಿ ಕಣಿವೆ. ಅದೇ ಅವಧಿಯಲ್ಲೇ, 1944ರಲ್ಲಿ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ಇವತ್ತು ನಿಮ್ಮ ಖಾತೆಗೆ ಬೀಳುವ ಸ್ಕಾಲರ್‌ಶಿಪ್ ಯಾರದೋ ದಯೆಯಲ್ಲ.

ಈಗ ನಮ್ಮ ಹೊಲಕ್ಕೆ ಬರೋಣ. 1972ರ ಬರ ಈ ಭಾಗದ ಮುದುಕರಿಗೆ ಇನ್ನೂ ನೆನಪಿದೆ. ಗಡಿಯಾಚೆ ಮಹಾರಾಷ್ಟ್ರದಲ್ಲಿ 1973ರ ಬೇಸಿಗೆ ಹೊತ್ತಿಗೆ ಸುಮಾರು 50 ಲಕ್ಷ ಜನ ಬರಗಾಲದ ಕಾಮಗಾರಿಯಲ್ಲಿದ್ದರು, ಕಲ್ಲು ಒಡೆಯುತ್ತಾ, ಕೆರೆ ತೋಡುತ್ತಾ. ಮೇಲ್ಜಾತಿಯ ಹೆಂಗಸರೂ ಮಹಾರ, ಮಾಂಗ ಹೆಂಗಸರ ಪಕ್ಕದಲ್ಲಿ ಕೂತು ಕಲ್ಲು ಒಡೆದ ಕಾಲ ಅದು. ಆ ಬರದ ಹೊಟ್ಟೆಯಿಂದ ಹುಟ್ಟಿದ್ದು ಉದ್ಯೋಗ ಖಾತ್ರಿ. ವಿ. ಎಸ್. ಪಾಗೆಯವರು ರೂಪಿಸಿದ ಆ ಯೋಜನೆ ಮಹಾರಾಷ್ಟ್ರದಲ್ಲಿ 1977ರಲ್ಲಿ ಕಾಯಿದೆಯಾಯಿತು. ಅದರ ಖರ್ಚಿಗೆ ಪಟ್ಟಣದ ಸಂಬಳದಾರರ ಮೇಲೆ ತೆರಿಗೆ ಹಾಕಿದರು. ಕೆಲಸ ಕೊಡುವುದು ದಾನ ಅಲ್ಲ, ಕೇಳುವುದು ಹಕ್ಕು ಎಂಬ ಮಾತು ಈ ದೇಶದ ಕಾಯಿದೆ ಪುಸ್ತಕಕ್ಕೆ ಹತ್ತಿದ್ದು ಹೀಗೆ.

ನಮ್ಮ ರಾಜ್ಯದಲ್ಲಿ ಅದು ದೇವರಾಜ ಅರಸರ ಕಾಲ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ಹೊಸ ತಿದ್ದುಪಡಿ ಜಾರಿಗೆ ಬಂತು: ಉಳುವವನೇ ಒಡೆಯ. 1976ರಲ್ಲಿ ಋಣ ಪರಿಹಾರದ ಕಾಯಿದೆ, ಅದೇ ವರ್ಷ ದೇಶಕ್ಕೆಲ್ಲ ಜೀತ ರದ್ದಿನ ಕಾಯಿದೆ. 1978ರಲ್ಲಿ, ದಲಿತರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಬೇರೆಯವರು ಕೊಳ್ಳಬಾರದೆಂಬ ಕಾಯಿದೆ. ಇವು ದೊಡ್ಡ ಕಾಯಿದೆಗಳು, ಅನುಮಾನ ಬೇಡ. ಆದರೆ ಬೀದರ ಸೀಮೆಯ ನಮ್ಮ ಓಣಿಗಳಿಗೆ ಉಳುವ ಹೊಲ ಎಷ್ಟು ಬಂತು? ಕಾಯಿದೆ ಭೂಮಿ ಕೊಟ್ಟದ್ದು ಗೇಣಿದಾರನಿಗೆ. ನಮ್ಮಪ್ಪ ಗೇಣಿದಾರ ಆಗಿರಲಿಲ್ಲ, ಜೀತದಾಳಾಗಿದ್ದ, ಕೂಲಿಯವನಾಗಿದ್ದ. ನೇಗಿಲು ಹಿಡಿದವನು ಅವನೇ, ಆದರೆ ಕಾಯಿದೆಯ ಲೆಕ್ಕದಲ್ಲಿ ಅವನು ‘ಉಳುವವನು’ ಅಲ್ಲ! ಎಲ್ಲೋ ನಾಕು ಮಂದಿ ಪಾಲಿಗೆ ಮಾಡಿದವರಿದ್ದರೂ ಪಹಣಿಯಲ್ಲಿ ಹೆಸರು ಬೇಕು. ಪಹಣಿ ಬರೆಯುವ ಲೇಖಣಿ ಯಾರ ಕೈಯಲ್ಲಿತ್ತು? ನಮೂನೆ 7 ತುಂಬಿ ಕೊಡಲು 1979ರ ಜೂನ್ 30ರ ತನಕ ಗಡುವಿತ್ತು. ನಮೂನೆ ತುಂಬಿ ಕೊಡುವಷ್ಟು ಅಕ್ಷರ ಬಲ್ಲವರು ಆಗ ನಮ್ಮ ಓಣಿಯಲ್ಲಿ ಎಷ್ಟು ಮಂದಿ ಇದ್ದರು? ಈ ಪ್ರಶ್ನೆ ಇಟ್ಟುಕೊಳ್ಳಿ. ಇದಕ್ಕೆ ಉತ್ತರ ಹಾಸ್ಟೆಲಿನಲ್ಲಿದೆ.

2005ರಲ್ಲಿ ದೇಶಕ್ಕೆಲ್ಲ ಉದ್ಯೋಗ ಖಾತ್ರಿ ಕಾಯಿದೆ ಬಂತು. 2006ರ ಫೆಬ್ರವರಿಯಲ್ಲಿ ಮೊದಲು ಶುರುವಾದ 200 ಜಿಲ್ಲೆಗಳಲ್ಲಿ ನಮ್ಮ ಬೀದರವೂ ಒಂದು. ಹಿಂದುಳಿದ ಜಿಲ್ಲೆ ಎಂಬ ಹೆಸರಿಗೆ ಸಿಕ್ಕ ಒಂದು ಲಾಭ ಅಷ್ಟೆ. ಮನೆಗೊಂದು ವರ್ಷಕ್ಕೆ ನೂರು ದಿನ; ಕೇಳಿದ ಹದಿನೈದು ದಿನದೊಳಗೆ ಕೆಲಸ, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ; ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ಗೌಡರ ಹೊಲದಲ್ಲಿ ಹೆಣ್ಣಾಳಿಗೆ ಅರ್ಧ ಕೂಲಿ ಕಂಡಿದ್ದ ನಮ್ಮ ಅವ್ವಂದಿರಿಗೆ ಇದು ಸಣ್ಣ ಮಾತಾಗಿರಲಿಲ್ಲ. ಆಗಿನಿಂದಲೇ ಹಳೇ ಗುಲ್ಲು ಇಲ್ಲಿಯೂ ಎದ್ದಿತು: “ಖಾತ್ರಿ ಬಂದು ಆಳು ಸಿಗವಲ್ರು, ಮಂದಿ ಸೋಮಾರಿ ಆಗ್ಯಾರ.” ಅರ್ಕನ್ಸಾದ ಜಮೀನ್ದಾರನೂ ಹುಮನಾಬಾದ ಸೀಮೆಯ ಜಮೀನ್ದಾರನೂ ಒಬ್ಬರನ್ನೊಬ್ಬರು ಕಂಡವರಲ್ಲ, ಮಾತು ಮಾತ್ರ ಒಂದೇ.

ಆಮೇಲೆ 2020 ಬಂತು. ಮಾರ್ಚ್ 25ರಿಂದ ದೇಶಕ್ಕೆ ಬೀಗ. ಆ ಏಪ್ರಿಲ್, ಮೇ, ಜೂನ್ ಮೂರು ತಿಂಗಳಲ್ಲಿ ದೇಶದ ಉತ್ಪನ್ನ ಹಿಂದಿನ ವರ್ಷಕ್ಕಿಂತ ನಾಲ್ಕನೇ ಒಂದು ಭಾಗದಷ್ಟು ಕುಸಿಯಿತು. ಗುಳೆ ಹೋಗಿದ್ದ ನಮ್ಮ ಜನ ಪುಣೆ, ಮುಂಬಯಿ, ಹೈದರಾಬಾದಿನಿಂದ ಕೂಸು ಹೊತ್ತು ಹೊರಳಿ ಬಂದರು. ಬೆಂಗಳೂರಿನಲ್ಲಿ ಸಿಕ್ಕಿಬಿದ್ದ ಉತ್ತರದ ರಾಜ್ಯಗಳ ಕೂಲಿಯವರು ಊರಿಗೆ ಹೋಗುತ್ತೇವೆ ಅಂದಾಗ, ಮೇ ತಿಂಗಳ ಮೊದಲ ವಾರ, ಕಟ್ಟಡ ಕಟ್ಟುವ ದೊಡ್ಡವರ ಜೊತೆ ಸಭೆಯಾದ ಮೇಲೆ ರಾಜ್ಯ ಸರ್ಕಾರ ಅವರ ರೈಲುಗಳನ್ನೇ ರದ್ದು ಮಾಡಿತು. ದೇಶವೆಲ್ಲ ಛೀ ಅಂದಮೇಲೆ ಎರಡು ದಿನದಲ್ಲಿ ಮತ್ತೆ ಬಿಟ್ಟಿತು. ಹತ್ತಿ ಬಿಡಿಸುವ ಕಾಲದ ಕಥೆ ನೆನಪಾಯಿತೇ?

ಆ ವರ್ಷ ನಮ್ಮ ಒಲೆ ಕಾಯ್ದದ್ದು ರೇಷನ್ ಅಕ್ಕಿ ಮತ್ತು ಖಾತ್ರಿ. ಕೇಂದ್ರ ಸರ್ಕಾರ ಖಾತ್ರಿಗೆ ಇನ್ನೂ 40,000 ಕೋಟಿ ಸೇರಿಸಿತು. ದೇಶದಲ್ಲಿ 389 ಕೋಟಿ ಮಾನವ ದಿನಗಳ ಕೆಲಸ ನಡೆಯಿತು. ಕರ್ನಾಟಕದಲ್ಲಿ ದಿನದ ಕೂಲಿ 275 ರೂಪಾಯಿ. ಇದು ಪರಿಹಾರ. ಅದೇ 2020ರಲ್ಲಿ ‘ಸುಧಾರಣೆ’ ಅಂತ ಏನು ಬಂತು? ಕೃಷಿಕರಲ್ಲದವರೂ, ದೊಡ್ಡ ವರಮಾನದವರೂ ಕೃಷಿ ಭೂಮಿ ಕೊಳ್ಳಬಾರದೆಂದು ಭೂಸುಧಾರಣಾ ಕಾಯಿದೆಯಲ್ಲಿದ್ದ 79ಎ, 79ಬಿ ಕಲಮುಗಳನ್ನು ರಾಜ್ಯ ಸರ್ಕಾರ ಕಿತ್ತುಹಾಕಿತು. ಒಂದು ಕೈಯಲ್ಲಿ ನಮಗೆ ಸಲಿಕೆ ಕೊಟ್ಟರು, ಇನ್ನೊಂದು ಕೈಯಲ್ಲಿ ದುಡ್ಡಿದ್ದವರಿಗೆ ಹೊಲದ ಬಾಗಿಲು ತೆರೆದರು.

2021ರ ಮಾರ್ಚಿನಲ್ಲಿ ಇನ್ನೊಂದು ಆಟ. ಖಾತ್ರಿಯ ಕೂಲಿ ಪಾವತಿಯನ್ನು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರರು ಎಂದು ಮೂರು ಗಂಟು ಕಟ್ಟಬೇಕೆಂದು ಕೇಂದ್ರ ಸುತ್ತೋಲೆ ಕಳಿಸಿತು. ಒಂದೇ ಗುಂಡಿ ತೋಡಿದ ಮಂದಿಗೆ ಬೇರೆ ಬೇರೆ ದಿನ ಕೂಲಿ ಬಂತು. ದೇಶದ ಅನೇಕ ಕಡೆ ಕೂಗೆದ್ದ ಮೇಲೆ ಅದೇ ವರ್ಷ ಹಿಂದಕ್ಕೆ ತೆಗೆದರು. ಕೂಗಿದರೆ ಕೇಳಿಸುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಈಗ ಮುಖ್ಯ ಮಾತು. 2025ರ ಡಿಸೆಂಬರಿನಲ್ಲಿ ಸಂಸತ್ತು 2005ರ ಕಾಯಿದೆಯ ಜಾಗಕ್ಕೆ ಹೊಸ ಕಾಯಿದೆ ಮಾಡಿತು. ನೂರು ದಿನದ ಬದಲು 125 ದಿನ ಎಂದು ದೊಡ್ಡ ಅಕ್ಷರದಲ್ಲಿ ಬರೆದರು. ಸಣ್ಣ ಅಕ್ಷರವನ್ನೂ ಓದಿ. ಮೊದಲು ಕೂಲಿಯ ದುಡ್ಡು ಪೂರ್ತಿ ಕೇಂದ್ರದ್ದಾಗಿತ್ತು. ಹೊಸದರಲ್ಲಿ ನೂರಕ್ಕೆ ನಲವತ್ತು ನಮ್ಮಂಥ ರಾಜ್ಯಗಳು ಹಾಕಬೇಕು. ಜನ ಕೇಳಿದಷ್ಟು ಕೆಲಸ ಎಂಬ ಮಾತಿನ ಜಾಗಕ್ಕೆ ರಾಜ್ಯಕ್ಕಿಷ್ಟು ಎಂದು ದಿಲ್ಲಿ ಕಟ್ಟಿಕೊಡುವ ಹಣ ಬಂದಿತು. ಮತ್ತೆ, ಬಿತ್ತನೆ ಮತ್ತು ಕೊಯ್ಲಿನ ಕಾಲಕ್ಕೆಂದು ವರ್ಷದಲ್ಲಿ ಒಟ್ಟು 60 ದಿನ ಕಾಮಗಾರಿ ನಿಲ್ಲಿಸಬೇಕು! ತೊಗರಿ ರಾಶಿ ಮಾಡುವಾಗ, ಸೋಯಾ ಕೊಯ್ಯುವಾಗ ನಮ್ಮ ಅವ್ವ ಖಾತ್ರಿಗೆ ಹೋಗುವಂತಿಲ್ಲ; ಹೊಲದ ಧಣಿ ಕೊಟ್ಟಷ್ಟು ಕೂಲಿಗೆ ಹೋಗಬೇಕು. ಕೂಲಿ ಕೇಳುವಾಗ ಅವಳ ಬೆನ್ನಿಗಿದ್ದ ಬಲ ಅದೊಂದೇ: “ನೀ ಕೊಡದಿದ್ರ ಬಿಡು, ನಾ ಖಾತ್ರಿಗೆ ಹೋಗ್ತೀನಿ” ಎಂಬ ಮಾತು. ಆ ಮಾತನ್ನು ಸುಗ್ಗಿಯ ದಿನಗಳಲ್ಲೇ ಅವಳ ಬಾಯಿಂದ ಕಸಿದುಕೊಂಡರು. 1930ರ ದಶಕದ ಹತ್ತಿ ಹೊಲದಲ್ಲಿ ಆದದ್ದೂ ಇದೇ ಅಲ್ಲವೇ?

ನಮ್ಮಲ್ಲೇ ಕೆಲವು ಗೆಳೆಯರು ಹೇಳುತ್ತಾರೆ: ಇವೆಲ್ಲ ಕಣ್ಣೊರೆಸುವ ತಂತ್ರ, ವ್ಯವಸ್ಥೆಯೇ ಬದಲಾಗಬೇಕು, ಪುಡಿಗಾಸಿನ ಹಿಂದೆ ಹೋಗಬೇಡಿ. ವ್ಯವಸ್ಥೆ ಬದಲಾಗಬೇಕು, ಸರಿ. ಆದರೆ ಈ ಮಾತನ್ನು ಹಾಸ್ಟೆಲಿನ ಊಟ ಉಂಡು ಹೇಳುವುದು ಸುಲಭ. ಆ ಊಟವೂ ಒಂದು ಪರಿಹಾರವೇ. ಹಸಿದ ಅವ್ವನಿಗೆ ಕೂಲಿ ಬೇಡ ಅನ್ನುವ ಹಕ್ಕು ನಮಗಿಲ್ಲ. ನಮ್ಮ ಜಗಳ ಪರಿಹಾರದ ಜೊತೆಗಲ್ಲ, ಪರಿಹಾರವನ್ನು ನಡುವೆ ಹಿಡಿದುಕೊಳ್ಳುವ ಕೈ ಜೊತೆಗೆ. ಆ ಕೈ ಇವತ್ತು ಯಾವಾಗಲೂ ಗೌಡರದ್ದೇ ಆಗಿರುವುದಿಲ್ಲ. ಹಾಜರಿ ಹಿಡಿಯುವವನದಾಗಿರಬಹುದು, ಗುತ್ತಿಗೆದಾರನ ಯಂತ್ರದ್ದಾಗಿರಬಹುದು. 2023ರಿಂದ ಕೆಲಸದ ಜಾಗದಲ್ಲಿ ಮೊಬೈಲಿನಲ್ಲಿ ದಿನಕ್ಕೆರಡು ಸಲ ಫೋಟೋ ತೆಗೆದರೇನೆ ಹಾಜರಿ ಎಂದಾಯಿತು. ಫೋಟೋ ಏರದ ದಿನದ ಕೂಲಿ ಯಾರ ತಲೆ ಮೇಲೆ? ಕೊನೆಗೆ ಆ ಕೈ ನಮ್ಮ ಓಣಿಯವನೇ ಆದ ಒಬ್ಬ ಏಜೆಂಟನದೂ ಆಗಿರಬಹುದು. ಇದನ್ನು ಹೇಳಲು ನಾಚಬಾರದು.

ಖಾತ್ರಿಯ ಮೇಟ್‌ಗೆ ನಮ್ಮ ರಾಜ್ಯದಲ್ಲಿ ‘ಕಾಯಕ ಬಂಧು’ ಎಂದು ಹೆಸರಿಟ್ಟರು. ಹೆಸರು ಚೆಂದ. ಕಾಯಕ ಎಂಬ ಮಾತಿಗೆ ಬೆಲೆ ಬಂದ ಊರು ನಮ್ಮ ಕಲ್ಯಾಣ. ಆ ಕಲ್ಯಾಣದಲ್ಲೇ ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ಬೀಗತನವಾದಾಗ ಏನಾಯಿತು ಎಂಬುದನ್ನು ಮಾಣಿಕನಗರದಿಂದ ತ್ರಿಪುರಾಂತದ ಕೆರೆಯ ತನಕ ಎಲ್ಲರೂ ಬಲ್ಲರು. ಕಾಯಕ ಮಾಡಿದವನನ್ನು ಹೊಗಳುವುದು ಸುಲಭ, ಅವನ ಪಾಲು ಕೊಡುವುದು ಕಷ್ಟ.

ಹಾಗಾದರೆ ನಾವು ಮಾಡಬೇಕಾದ್ದೇನು? ದೊಡ್ಡ ಭಾಷಣ ಬೇಡ. ಈ ಸಲ ರಜೆಗೆ ಊರಿಗೆ ಹೋದಾಗ ನಾಲ್ಕು ಕೆಲಸ ಮಾಡಿ.

ಒಂದು: ನಿಮ್ಮ ಓಣಿಯ ಪ್ರತಿ ಮನೆಯ ಜಾಬ್ ಕಾರ್ಡು ಎಲ್ಲಿದೆ ನೋಡಿ. ಬೇರೆಯವರ ಕಪಾಟಿನಲ್ಲಿದ್ದರೆ ಇಸಿದುಕೊಂಡು ಬನ್ನಿ. ಮಾಡದ ಕೆಲಸ ಬರೆದಿದೆಯೇ, ಮಾಡಿದ ಕೆಲಸ ಬಿಟ್ಟಿದೆಯೇ, ಓದಿ ಹೇಳಿ.

ಎರಡು: ಕೆಲಸವನ್ನು ಬಾಯಲ್ಲಿ ಕೇಳಬೇಡಿ, ಬರೆದು ಕೇಳಿ. ತಾರೀಖು ಹಾಕಿದ ರಸೀದಿ ತಗೊಳ್ಳದೆ ಪಂಚಾಯಿತಿಯ ಕಟ್ಟೆ ಇಳಿಯಬೇಡಿ. “ನಾಳೆ ಬರ್ರಿ, ರಾಶಿ ಮುಗೀಲಿ” ಅಂದರೆ ಅದನ್ನೇ ಬರೆದು ಕೊಡಿ ಅನ್ನಿ. ಕಾಯಿದೆಯ ಹೆಸರು ಏನೇ ಬದಲಾಗಲಿ, ಕಾಗದವಿಲ್ಲದವನಿಗೆ ಕಾಯಿದೆ ಇಲ್ಲ.

ಮೂರು: ಸಾಮಾಜಿಕ ಲೆಕ್ಕ ಪರಿಶೋಧನೆಯ ಗ್ರಾಮಸಭೆ ಎಂದು ಎಂಬುದನ್ನು ತಿಳಿದುಕೊಂಡು, ಅವ್ವಂದಿರನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂಡ್ರಿಸಿ. ಹಿಂದೆ ನಿಂತು ಬರಬೇಡಿ.

ನಾಲ್ಕು: ಸುಗ್ಗಿಯ 60 ದಿನ ಯಾವುವು ಎಂದು ಗೊತ್ತಾದ ಕೂಡಲೇ ಓಣಿ ಓಣಿಯವರು, ತಾಂಡಾದವರು, ಬೇರೆ ಜಾತಿಯ ಬಡ ಕೂಲಿಯವರು ಕೂಡಿ ಕೂತು, ಆ ದಿನಗಳಲ್ಲಿ ಹೊಲದ ಕೂಲಿ ಇಷ್ಟಕ್ಕೆ ಕಡಿಮೆ ಇಲ್ಲ ಎಂದು ತೀರ್ಮಾನ ಮಾಡಿ. ಟೈರೊಂಜಾದಲ್ಲಿ ಕಪ್ಪು ಬಿಳಿ ಒಂದಾಗಿ ಕೂತದ್ದು ಇದಕ್ಕೇ.

ಗೆಳೆಯರೇ, 1979ರಲ್ಲಿ ನಮೂನೆ 7 ತುಂಬಿ ಕೊಡಲು ನಮ್ಮ ಓಣಿಯಲ್ಲಿ ಅಕ್ಷರ ಇರಲಿಲ್ಲ. ಇವತ್ತು ಇದೆ. ನಿಮ್ಮ ಕೈಯಲ್ಲಿದೆ. ಪರೀಕ್ಷೆಯಲ್ಲಿ ನ್ಯೂ ಡೀಲ್ ಪ್ರಶ್ನೆ ಬಂದರೆ ಗೈಡಿನ ಉತ್ತರ ಬರೆಯಿರಿ, ಅಂಕ ತಗೊಳ್ಳಿ, ಅಂಕ ಬೇಕು. ಊರಿಗೆ ಹೋದ ಮೇಲೆ ಮಾತ್ರ ಅವ್ವನ ಪಕ್ಕ ಕೂತು, ಅವಳ ಜಾಬ್ ಕಾರ್ಡು ತೆಗೆದು, ಇನ್ನೊಂದು ಉತ್ತರವನ್ನು ಮೊದಲಿನಿಂದ ಓದಿರಿ.

ಜೈ ಭೀಮ್.